ಎಂಟು ಮತ್ತು ಒಂಬತ್ತರ ನಡುವೆ

ನಮ್ಮ ಕಟ್ಟಡದ ಲಿಫ್ಟು ಪುಕ್ಕಟೆ ಏರುವುದಿಲ್ಲ.
ಇಪ್ಪತ್ತು ತೆತ್ರಿಯ ನಾಣ್ಯ ನುಂಗಿ, ಒಮ್ಮೆ ಗೊರಕೆ ಹೊಡೆದು,
ಆಮೇಲೆ ಮನಸ್ಸು ಮಾಡುತ್ತದೆ.
ತ್ಬಿಲಿಸಿಯ ಈ ತುದಿಯಲ್ಲಿ
ಮೊಣಕಾಲು ಉಳಿಸಿಕೊಳ್ಳಲಿಕ್ಕೂ ಚಿಲ್ಲರೆ ಬೇಕು.
ಹಾಗಾಗಿ ಮೆಟ್ಟಿಲ ಮೇಲೆ ಸದಾ ಯಾರಾದರೂ ಏದುಸಿರು,
ಸಂಜೆ ಏಳರಿಂದ ಏಳೂ ಮುಕ್ಕಾಲು ಬಿಟ್ಟು.
ಆಗ ಎಲ್ಲರ ಮನೆಯಲ್ಲೂ ಧಾರಾವಾಹಿ,
ಬೇರೆಯವರ ಸೊಸೆಯಂದಿರು ಅಳುವ ಹೊತ್ತು.

ಎಂಟನೆಯ ಮಹಡಿಗೂ ಒಂಬತ್ತಕ್ಕೂ ನಡುವೆ
ಹದಿಮೂರನೆಯ ಮೆಟ್ಟಿಲು ನನ್ನದು.
ಸಿಗ್ನಲ್ಲಿನ ಮೂರು ಗೆರೆ ಅಲ್ಲಿ ಮಾತ್ರ.

ಎರಡು ಕೋಣೆ, ಐದು ಜನ. ಅಳುವುದಕ್ಕೆ ಬಚ್ಚಲು,
ಅದಕ್ಕೂ ಸರದಿ.
ನಲ್ಲಿ ತಿರುಗಿಸಿಟ್ಟು ಅತ್ತೆ ಒಂದು ಸಲ.
'ನೀರು ಸುಮ್ಮನೆ ಹೋಗ್ತಿದೆ' ಎಂದು
ಝುರಾಬ್ ಬಾಗಿಲು ಬಡಿದ.
ಕೆಟ್ಟವನಲ್ಲ. ನೀರು ನಿಜಕ್ಕೂ ಸುಮ್ಮನೆ ಹೋಗುತ್ತಿತ್ತು.

ಅಂಗೈಯೊಳಗೆ ನೆಸ್ತಾನ್.
ದೂರದ ಬತೂಮಿಯ ಯಾವುದೋ ಕೋಣೆ, ಹಸಿರು ಟೊಪ್ಪಿಗೆಯ ದೀಪ,
ಒಂದೊಂದು ಸಲ ಅವಳ ಭುಜದ ಹಿಂದೆ ಬೆಕ್ಕಿನ ಬಾಲ.
ನನಗಿಂತ ಹನ್ನೊಂದು ವರ್ಷ ಚಿಕ್ಕವಳು.
ಮೊದಲ ಗುರುವಾರ ಏನು ಹೇಳಬೇಕೋ ತೋಚದೆ
ನಾನೇ ಅವಳನ್ನು ಕೇಳಿಬಿಟ್ಟೆ: ಊಟ ಆಯಿತೇನಮ್ಮಾ?

ನಲವತ್ತು ನಿಮಿಷಕ್ಕೆ ಮೂವತ್ತು ಲರಿ.
ಮನೆಯಲ್ಲಿ, ಹಲ್ಲಿನ ಡಾಕ್ಟರಿಗೆ ಕಂತು ಎಂದಿದ್ದೇನೆ.
ಪೂರ್ತಿ ಸುಳ್ಳೂ ಅಲ್ಲ,
ದವಡೆ ಸಡಿಲವಾಗಿದೆ.

'ಈ ವಾರ ಹೇಗಿತ್ತು?'
ಉಪ್ಪಿನ ಡಬ್ಬಿ, ಅಂದೆ.
ಅತ್ತೆ ಲಮಾರಾ ದಿನಾ ಅದನ್ನು ಬೇರೆ ಕಡೆ ಇಡುತ್ತಾಳೆ.
ಇಪ್ಪತ್ತೆರಡು ವರ್ಷದಿಂದ
ಪ್ರತಿ ಬೆಳಗ್ಗೆ ನನ್ನದೇ ಒಲೆಯ ಮುಂದೆ ನಾನು ನೆಂಟಳು.
ನಗಬೇಡಿ, ಎಂದೆ. ನೆಸ್ತಾನ್ ನಗಲಿಲ್ಲ,
ತಲೆ ಬಗ್ಗಿಸಿ ಬರೆದುಕೊಂಡಳು.
ಉಪ್ಪಿನ ಡಬ್ಬಿಯನ್ನು ಬರೆದುಕೊಳ್ಳುವವರೂ ಲೋಕದಲ್ಲಿದ್ದಾರೆ!
ಆ ರಾತ್ರಿ ಒಂದೇ ಸಮ ನಾಲ್ಕು ತಾಸು ನಿದ್ದೆ.

ಆಮೇಲೆ ಬಾಯಿ ಬಂತು.
ಅವಳ ಕೆಮ್ಮು ಕೇಳಿದರೆ ನನ್ನ ಉಗುರು ಅಂಗೈಗೆ ಇಳಿಯುತ್ತದೆ ಎಂದೆ.
ಅವಳಿಲ್ಲದ ಅಡುಗೆಮನೆ ಕನಸಿಗೆ ಬರುತ್ತದೆ,
ಕಿಟಕಿ ತೆರೆದಿರುತ್ತದೆ, ಬಿಸಿಲಿರುತ್ತದೆ,
ಎಚ್ಚರಾದಾಗ ನಾಚಿಕೆ, ಎಂದೆ.
ಆಲೂಗಡ್ಡೆ ಚೀಲ ಹೊತ್ತ ನೋದಾರ್ ಅಷ್ಟರಲ್ಲೇ ಹತ್ತಿ ಬಂದು
'ತ್ಸಿಸಾನಾ, ಕರೆಂಟು ಹೋಯಿತಾ ನಿಮ್ಮನೆಯಲ್ಲಿ?' ಎಂದ.
ಇಲ್ಲ, ಅಂದೆ. ಅವನು ಚೀಲ ಬಲಭುಜದಿಂದ ಎಡಕ್ಕೆ ಬದಲಿಸಿ
ಮೇಲೆ ಹೋದ.

ಆರನೆಯ ಗುರುವಾರ
ನನ್ನ ಮೆಟ್ಟಿಲ ಮೇಲೆ ಒಂದು ದಿಂಬು.

ತಣ್ಣಗಿನ ಕಾಂಕ್ರೀಟಿನ ಮೇಲೆ ಹೆಂಗಸು ಕೂತರೆ
ನಮ್ಮ ಮುದುಕಿಯರಿಗೆ ತಡೆಯದು.
ಸೊಂಟ ಹಿಡಿಯುತ್ತದೆ, ಗರ್ಭಕ್ಕೆ ಶೀತ, ಏಳೇ ಮೇಲೆ!
ಯಾರೋ ಹಾಗೆ ಬೈಯುವುದರ ಬದಲು ಹೊಲಿದಿದ್ದಾರೆ.
ಬೂದು ಉಣ್ಣೆ, ದಪ್ಪ ದಾರ,
ಮೂಲೆಯಲ್ಲಿ ಕೀಳಲು ಮರೆತ ಒಂದು ಗುಂಡಿ.

ಆ ಗುಂಡಿ ನನಗೆ ಗೊತ್ತು.
ಮದುವೆಯಾಗಿ ಬಂದ ಸಂಜೆ ಈ ಬಾಗಿಲಲ್ಲಿ
ಮುಖ ನೋಡುವ ಧೈರ್ಯವಿಲ್ಲದೆ
ಎದುರು ನಿಂತ ಕೋಟಿನ ಗುಂಡಿಗಳನ್ನು ಎಣಿಸಿದ್ದೆ.
ಏಳಿದ್ದವು.

ಅವಳಿಗೆ ಎಡಗಿವಿ ಕೇಳುವುದಿಲ್ಲ.
ಬಲಗಿವಿ?
ಇಷ್ಟು ವರ್ಷ ನಾನು ವಿಚಾರಿಸಿಲ್ಲ.

'ಯಾಕೆ ಸುಮ್ಮನಾದಿರಿ?' ನೆಸ್ತಾನ್ ಕೇಳಿದಳು.
ದಿಂಬು, ಎಂದೆ.
'ಯಾರು ಇಟ್ಟಿರ...'
ಪರದೆ ಅಲ್ಲೇ ನಿಂತುಹೋಯಿತು.
ಅವಳ ಒಂದು ಕಣ್ಣು ಅರ್ಧ ಮುಚ್ಚಿ, ತುಟಿ ತೆರೆದು,
ಬೆಕ್ಕಿನ ಬಾಲ ಗಾಳಿಯಲ್ಲಿ ಕೊಕ್ಕೆಯಾಗಿ.
ಮೂರು ಗೆರೆಯಲ್ಲಿ ಒಂದೂ ಇಲ್ಲ.
ಕೆಳಗೆಲ್ಲೋ ನಾಣ್ಯ ಬಿದ್ದ ಸದ್ದು, ಲಿಫ್ಟಿನ ಗೊರಕೆ.

ಕೂರಲೂ ಆಗದೆ, ಎತ್ತಿಕೊಳ್ಳಲೂ ಆಗದೆ,
ಆ ನಿಂತ ಮುಖಕ್ಕೇ ಹೇಳಿದೆ:
ಕೋಟು ಕತ್ತರಿಸಿಬಿಟ್ಟಿದ್ದಾಳೆ, ನೆಸ್ತಾನ್.
ನವೆಂಬರು ಬಂತು.
ಇನ್ನು ಏನು ಹಾಕಿಕೊಳ್ಳುತ್ತಾಳೆ?